ಇಂಗ್ಲಿಷ್ ಪ್ರೇಮಕಥೆಗೆ ಬಾಗಲಕೋಟೆಯಲ್ಲಿ ಮನೆ ಕಟ್ಟಿದ ವಕೀಲರು: ಕೆರೂರ ವಾಸುದೇವಾಚಾರ್ಯ

ಹೊಸಗನ್ನಡ ಸಾಹಿತ್ಯದ ಆರಂಭದ ದಿನಗಳ ಮಾತು ಬಂದಾಗ ಬಾಗಲಕೋಟೆಯ ಹೆಸರನ್ನು ಕೆರೂರ ವಾಸುದೇವಾಚಾರ್ಯರ ಮೂಲಕವೇ ನೆನೆಯಬೇಕಾಗುತ್ತದೆ. 1866ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಇಲ್ಲಿಯೇ ವಕೀಲಿ ವೃತ್ತಿ ನಡೆಸಿ, 1921ರಲ್ಲಿ ತೀರಿಕೊಂಡ ಅವರು ನಾಟಕಕಾರರು, ಕಾದಂಬರಿಕಾರರು, ಪತ್ರಿಕಾ ಸಂಪಾದಕರು, ಕನ್ನಡ ಸಣ್ಣಕಥೆಗೆ ಮೊದಲ ಹೆಜ್ಜೆ ಕಲಿಸಿದವರಲ್ಲಿ ಒಬ್ಬರು. ಸಂಗೀತ ಕ್ಷೇತ್ರದ ಮೈಸೂರು ವಾಸುದೇವಾಚಾರ್ಯರು ಇವರಿಗಿಂತ ಒಂದೇ ವರ್ಷ ಹಿರಿಯರು. ಹೆಸರು ಒಂದೇ ಆದರೂ ಇವರ ಲೋಕ ಬೇರೆ. ಮೈಸೂರಿನವರಿಗೆ ಅರಮನೆಯ ಆಶ್ರಯವಿತ್ತು. ಬಾಗಲಕೋಟೆಯವರಿಗೆ ಇದ್ದದ್ದು ಕಚೇರಿಯ ಕಕ್ಷಿದಾರರು ಮತ್ತು ಬಿಡುವಿನ ವೇಳೆಯ ಲೇಖನಿ.

ಶತಮಾನದ ಹಿಂದೆ ತೀರಿಕೊಂಡ ಈ ಲೇಖಕರನ್ನು ಇಂದು ನೆನೆಯಲು ಒಂದು ವಿಚಿತ್ರ ಕಾರಣವಿದೆ. ಇಂಗ್ಲಿಷಿನಲ್ಲಿ ಈಚಿನ ದಶಕಗಳಲ್ಲಿ ಒಂದು ಬಗೆಯ ಕಾದಂಬರಿ ಬೆಳೆದಿದೆ. ಕಥೆ ನಡೆಯುವುದು ದೂರದ ಗ್ರಹಗಳಲ್ಲಿ, ನಕ್ಷತ್ರನೌಕೆಗಳಲ್ಲಿ. ಆದರೆ ಒಳಗಿರುವುದು ಇನ್ನೂರು ವರ್ಷ ಹಳೆಯ ಇಂಗ್ಲೆಂಡಿನ ಪ್ರೇಮಕಥೆ. ಔತಣಕೂಟ, ಮನೆತನದ ಮಾನ, ವಧೂವರರ ಅಂತಸ್ತು, ಹೇಳಲಾಗದೆ ಉಳಿದ ಮಾತು, ತಪ್ಪು ತಿಳಿವಳಿಕೆ, ಕೊನೆಗೆ ಮದುವೆ. ಅಂತರಿಕ್ಷದ ಸಾಮ್ರಾಜ್ಯ, ಯುದ್ಧಗಳ ಕಥೆಗೆ ಸ್ಪೇಸ್ ಒಪೆರಾ ಎಂದೂ, ಆ ಹಳೆಯ ಪ್ರೇಮಕಥೆಗೆ ರೀಜೆನ್ಸಿ ರೊಮಾನ್ಸ್ ಎಂದೂ ಹೆಸರು. ಎರಡನ್ನೂ ಬೆಸೆದವರು ಹೊಸದೇನೋ ಮಾಡಿದರೆಂದು ಓದುಗರು ಬೆರಗಾಗುತ್ತಾರೆ. ಒಂದು ಸಮಾಜದ ಪ್ರೇಮಕಥೆಯನ್ನು ಬೇರೆಯೇ ಲೋಕಕ್ಕೆ ಒಯ್ದು ನಿಲ್ಲಿಸುವ ಈ ಕೆಲಸವನ್ನು ಬಾಗಲಕೋಟೆಯ ವಕೀಲರೊಬ್ಬರು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮಾಡಿ ತೋರಿಸಿದ್ದರು. ಅವರಿಗೆ ನಕ್ಷತ್ರನೌಕೆ ಬೇಕಿರಲಿಲ್ಲ. ಲಂಡನ್ನಿಗೂ ಬಾಗಲಕೋಟೆಗೂ ಆಗ ಇದ್ದ ಅಂತರವೇ ಸಾಕಾಗಿತ್ತು.

ಕಲಾದಗಿ ಜಿಲ್ಲೆಯ ಕಾಲ

ವಾಸುದೇವಾಚಾರ್ಯರ ಹೆಸರಿನ ಮೊದಲಿಗಿರುವ ಕೆರೂರು ಬಾದಾಮಿ ಸೀಮೆಯಲ್ಲಿರುವ ಊರು. ಅವರು ಹುಟ್ಟಿದಾಗ ಬಾಗಲಕೋಟೆಯು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. ಮುಂದೆ ಜಿಲ್ಲಾ ಕೇಂದ್ರವು ವಿಜಾಪುರಕ್ಕೆ ಹೋಯಿತು. ಬಾಗಲಕೋಟೆ ತಾನೇ ಜಿಲ್ಲಾ ಕೇಂದ್ರವಾಗಲು 1997ರ ವರೆಗೆ ಕಾಯಬೇಕಾಯಿತು.

ಈ ಸೀಮೆಗೆ ಬ್ರಿಟಿಷರ ಆಡಳಿತ ಬಂದ ಕಾಲವೂ ನಮ್ಮ ವಿಷಯಕ್ಕೆ ಹೊಂದಿಕೊಳ್ಳುವಂತಹುದೇ. ಪೇಶ್ವೆಯವರೊಡನೆ ನಡೆದ ಕೊನೆಯ ಯುದ್ಧದಲ್ಲಿ ಥಾಮಸ್ ಮನ್ರೋ ಬಾದಾಮಿಯ ಕೋಟೆಯನ್ನು ಹಿಡಿದದ್ದು 1818ರ ಫೆಬ್ರವರಿಯಲ್ಲಿ. ಇಂಗ್ಲೆಂಡಿನಲ್ಲಿ ಅದು ರೀಜೆನ್ಸಿಯ ಕಾಲ. ಅಸ್ವಸ್ಥನಾಗಿದ್ದ ಮೂರನೆಯ ಜಾರ್ಜ್ ದೊರೆಯ ಪರವಾಗಿ ಮಗ 1811ರಿಂದ 1820ರ ವರೆಗೆ ರಾಜ್ಯಭಾರ ನಡೆಸುತ್ತಿದ್ದ ಅವಧಿ. ಜೇನ್ ಆಸ್ಟಿನ್ ಬರೆದ ಕೊನೆಯ ಪೂರ್ಣ ಕಾದಂಬರಿ ಆಕೆಯ ಮರಣಾನಂತರ ಲಂಡನ್ನಿನ ಪುಸ್ತಕದಂಗಡಿಗೆ ಬಂದದ್ದು ಬಾದಾಮಿ ಬೀಳುವುದಕ್ಕೆ ಎರಡು ತಿಂಗಳ ಹಿಂದೆ. ಅಲ್ಲಿಯ ದಿವಾನಖಾನೆಗಳಲ್ಲಿ ಯಾರ ಮಗಳು ಯಾರನ್ನು ವರಿಸಬೇಕೆಂಬ ಚರ್ಚೆ ನಡೆದಿದ್ದಾಗ, ಅದೇ ನಾಡಿನ ತೋಪುಗಳು ಇಲ್ಲಿಯ ಕೆಂಪು ಬಂಡೆಗಳ ಮೇಲಿನ ಕೋಟೆಯನ್ನು ಒಡೆಯುತ್ತಿದ್ದವು. ಆ ತೋಪುಗಳ ಹಿಂದೆ ಇಂಗ್ಲಿಷ್ ಕಾನೂನು ಬಂತು, ಶಾಲೆ ಬಂತು, ಅವುಗಳ ಹಿಂದೆ ಇಂಗ್ಲಿಷ್ ಸಾಹಿತ್ಯವೂ ಬಂತು.

ವಾಸುದೇವಾಚಾರ್ಯರು ಹತ್ತು ವರ್ಷದ ಬಾಲಕರಾಗಿದ್ದಾಗ 1876ರಿಂದ 1878ರ ಮಹಾಕ್ಷಾಮ ಈ ಭಾಗವನ್ನು ನುಂಗಿತು. ದಖ್ಖಣದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು, ಊರೂರುಗಳೇ ಬರಿದಾದವು. ಕ್ಷಾಮದ ಬೆನ್ನಿಗೆ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಾಪುರಗಳ ಮೂಲಕ ಹೋಟಗಿಯತ್ತ ಹೋಗುವ ರೈಲುಮಾರ್ಗ 1880ರ ದಶಕದಲ್ಲಿ ಬಂದಿತು. ಧಾನ್ಯ, ಹತ್ತಿಗಳ ಜೊತೆಗೆ ನಾಟಕ ಮಂಡಳಿಗಳೂ ಪತ್ರಿಕೆಗಳೂ ಅದೇ ದಾರಿಯಲ್ಲಿ ಸಂಚರಿಸತೊಡಗಿದವು. ಹಸಿವನ್ನು ಕಂಡ ಊರು ರಂಗಸಜ್ಜಿಕೆಯನ್ನೂ ಕಂಡಿತು.

ಭಾಷೆಯ ಪರಿಸ್ಥಿತಿ ಮಾತ್ರ ಕಷ್ಟದ್ದಾಗಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಕಚೇರಿಗಳಲ್ಲಿ, ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರಂಥವರು ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ಹೆಣಗಿದ ಮೇಲೂ ಓದುವ ಹವ್ಯಾಸವುಳ್ಳವರು ಮರಾಠಿ ಪುಸ್ತಕವನ್ನೇ ಕೈಗೆತ್ತಿಕೊಳ್ಳುವುದು ರೂಢಿಯಾಗಿತ್ತು. ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಆಗ ವಾಸುದೇವಾಚಾರ್ಯರಿಗೆ ಇಪ್ಪತ್ತನಾಲ್ಕು ವರ್ಷ. ಕನ್ನಡದಲ್ಲಿ ಓದಲು ಏನಿದೆ ಎಂಬ ಪ್ರಶ್ನೆಗೆ ಬರಹದಿಂದಲೇ ಉತ್ತರ ಕೊಡಬೇಕೆಂದು ಹೊರಟ ತಲೆಮಾರು ಅವರದು.

ಕಚೇರಿ ಮತ್ತು ರಂಗ

ಜೀವನೋಪಾಯಕ್ಕೆ ಅವರು ಆರಿಸಿಕೊಂಡದ್ದು ವಕೀಲಿ. ಆ ಕಾಲದ ದಿವಾಣಿ ಕಚೇರಿಗಳಲ್ಲಿ ನಿತ್ಯ ನಡೆಯುತ್ತಿದ್ದುದು ಸಾಲದ ವ್ಯಾಜ್ಯ, ಆಸ್ತಿಯ ಪಾಲು, ದತ್ತಕದ ತಕರಾರು. ದಖ್ಖಣದಲ್ಲಿ ಸಾಹುಕಾರರ ವಿರುದ್ಧ 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಿಡಿದೆದ್ದು ಸಾಲಪತ್ರಗಳನ್ನು ಸುಟ್ಟಿದ್ದರು. ಅದರ ಫಲವಾಗಿ 1879ರಲ್ಲಿ ರೈತರ ಋಣ ಪರಿಹಾರಕ್ಕೆಂದೇ ಒಂದು ಕಾಯಿದೆ ಬಂದಿತ್ತು. ಕಾಗದದ ಮೇಲಿನ ಒಂದು ಸಹಿ ಒಂದು ಕುಟುಂಬವನ್ನು ಬೀದಿಗೆ ತರಬಲ್ಲದು ಎಂಬುದನ್ನು ವಕೀಲರಾದವರು ಯಾರೂ ಅರಿಯದೆ ಇರುವಂತಿರಲಿಲ್ಲ. ಮನೆಯೊಳಗಿನ ಸಂಬಂಧಗಳು ಹಣಕ್ಕೆ, ಒಡವೆಗೆ, ಹೊಲಕ್ಕೆ ಹೇಗೆ ಬಿಗಿದುಕೊಂಡಿರುತ್ತವೆ ಎಂಬುದು ಅವರ ವೃತ್ತಿ ಕಲಿಸುವ ಮೊದಲ ಪಾಠ. ಶಿಷ್ಟಾಚಾರದ ವಿನೋದ ನಾಟಕ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಗರಡಿ ಬೇರೊಂದಿಲ್ಲ.

ರಂಗಭೂಮಿಯಲ್ಲೂ ಆಗ ಹೊಸ ಗಾಳಿ ಬೀಸುತ್ತಿತ್ತು. ಮರಾಠಿ ಮಂಡಳಿಗಳ ಆಟಗಳನ್ನು ಕಂಡು ಕೆರಳಿದ ಗದಗದ ಶಾಂತಕವಿಗಳು 1870ರ ದಶಕದಲ್ಲಿಯೇ ಕನ್ನಡ ನಾಟಕ ಬರೆದು ಮಂಡಳಿ ಕಟ್ಟಿದ್ದರು. ಅಣ್ಣಾಸಾಹೇಬ ಕಿರ್ಲೋಸ್ಕರರ ಸಂಗೀತ ಶಾಕುಂತಲ 1880ರಲ್ಲಿ ರಂಗಕ್ಕೆ ಬಂದಾಗ ಅದರ ಅಲೆ ಕೃಷ್ಣಾ ತೀರದ ಎರಡೂ ದಂಡೆಗಳಿಗೆ ಅಪ್ಪಳಿಸಿತು. ಮರಾಠಿಯಲ್ಲಿ ಆಗರಕರರು ಹ್ಯಾಮ್ಲೆಟನ್ನು 1883ರಲ್ಲಿ, ದೇವಲರು ಒಥೆಲೋವನ್ನು 1890ರಲ್ಲಿ ತಮ್ಮದಾಗಿಸಿಕೊಂಡರು. ಮೈಸೂರಿನಲ್ಲಿ ಬಸವಪ್ಪಶಾಸ್ತ್ರಿಗಳು, ಶ್ರೀಕಂಠೇಶಗೌಡರು ಶೇಕ್ಸ್‌ಪಿಯರನಿಗೆ ಕನ್ನಡದ ಹೆಸರು, ಊರುಗಳನ್ನು ಕೊಟ್ಟರು. ವಾಸುದೇವಾಚಾರ್ಯರು ಈ ಪರಂಪರೆಗೆ ಸೇರಿದವರಾದರೂ ಅವರ ಒಲವು ಇತ್ತಿದ್ದುದು ಇನ್ನೊಂದು ದಿಕ್ಕಿಗೆ. ಮೈಸೂರಿನ ಬಸವಪ್ಪಶಾಸ್ತ್ರಿಗಳು ಒಥೆಲೋವನ್ನು ಎತ್ತಿಕೊಂಡರು. ಬಾಗಲಕೋಟೆಯ ವಕೀಲರಿಗೆ ಹೆಚ್ಚು ಹಿಡಿಸಿದ್ದು ಮದುವೆಯಲ್ಲಿ ಮುಗಿಯುವ ನಾಟಕಗಳು.

ಮೂರು ಹೆಸರು, ಮೂರು ನಿರ್ಧಾರ

ಮಹಾಭಾರತದ ಕಥೆಯನ್ನು ಆಧರಿಸಿದ 'ನಳದಮಯಂತಿ' ಅವರ ನಾಟಕಗಳಲ್ಲಿ ಒಂದು. ರೂಪಾಂತರಗಳಲ್ಲಿ ಮುಖ್ಯವಾದವು ಮೂರು. ಶೇಕ್ಸ್‌ಪಿಯರನ ನಡುಬೇಸಗೆಯ ಇರುಳಿನ ಕನಸು 'ವಸಂತಯಾಮಿನಿ ಸ್ವಪ್ನ ಚಮತ್ಕಾರ'ವಾಯಿತು. ವೆನಿಸ್ಸಿನ ವರ್ತಕ 'ಸುರತನಗರದ ಶ್ರೇಷ್ಠಿ'ಯಾದನು. ಆಲಿವರ್ ಗೋಲ್ಡ್‌ಸ್ಮಿತ್‌ನ ಷಿ ಸ್ಟೂಪ್ಸ್ ಟು ಕಾಂಕರ್ ಎಂಬ ವಿನೋದ ನಾಟಕವು 'ಪತಿವಶೀಕರಣ'ವಾಯಿತು. ಈ ಮೂರು ಶೀರ್ಷಿಕೆಗಳನ್ನು ಮೂಲದ ಪಕ್ಕದಲ್ಲಿ ಇಟ್ಟು ನೋಡಿದರೆ ರೂಪಾಂತರದ ಮರ್ಮ ತಿಳಿಯುತ್ತದೆ.

ಮೊದಲನೆಯದು ಋತುವಿನ ನಿರ್ಧಾರ. ಇಂಗ್ಲೆಂಡಿನಲ್ಲಿ ನಡುಬೇಸಗೆಯ ರಾತ್ರಿ ಎಂದರೆ ಹಿತವಾದ ಗಾಳಿ, ಹೂವು, ಪ್ರೇಮಿಗಳ ಅಲೆದಾಟ. ಬಾಗಲಕೋಟೆಯ ನಡುಬೇಸಗೆಯಲ್ಲಿ ಯಾವ ಪ್ರೇಮಿಯೂ ಕನಸು ಕಾಣಲಾರ. ಬಂಡೆ ಕಾದು ರಾತ್ರಿಯೆಲ್ಲ ಉರಿ ಕಾರುವ ಸೀಮೆ ಇದು. ಪದವನ್ನು ಪದಕ್ಕೆ ಇಟ್ಟಿದ್ದರೆ ಕಥೆಯ ಜೀವವೇ ಹೋಗುತ್ತಿತ್ತು. ವಸಂತ ಎಂದೊಡನೆ ಕನ್ನಡಿಗನ ಮನಸ್ಸಿನಲ್ಲಿ ಮಾವು ಚಿಗುರುತ್ತದೆ, ಮನ್ಮಥನ ನೆನಪಾಗುತ್ತದೆ. ಇಂಗ್ಲೆಂಡಿನ ಬೇಸಗೆಗೆ ನಮ್ಮಲ್ಲಿ ಸಮನಾದುದು ಬೇಸಗೆಯಲ್ಲ, ವಸಂತ.

ಎರಡನೆಯದು ಊರಿನ ನಿರ್ಧಾರ. ಹಡಗುಗಳನ್ನು ನಂಬಿ ಬದುಕುವ ವ್ಯಾಪಾರಿ, ಅವನಿಗೆ ಸಾಲ ಕೊಟ್ಟ ಲೇವಾದೇವಿಗಾರ, ನಾನಾ ದೇಶದವರು ಸೇರುವ ಪೇಟೆ ಇವೆಲ್ಲ ಒಟ್ಟಿಗಿರಬೇಕಾದ ಬಂದರು ಭಾರತದಲ್ಲಿ ಯಾವುದು? ಮೊಗಲರ ಕಾಲದಲ್ಲಿ ಪಶ್ಚಿಮ ತೀರದ ಮಹಾಬಂದರಾಗಿದ್ದ, ಇಂಗ್ಲಿಷರು ತಮ್ಮ ಕೋಠಿಯನ್ನು ತೆರೆದ, ಶಿವಾಜಿ ಎರಡು ಸಲ ದಾಳಿಯಿಟ್ಟಷ್ಟು ಸಂಪತ್ತುಳ್ಳ ಸೂರತ್. ಈ ಆಯ್ಕೆಯಲ್ಲಿ ಭೂಗೋಳ, ಇತಿಹಾಸ, ವ್ಯಾಪಾರ ಮೂರೂ ಹೊಂದಿಕೊಂಡಿವೆ. ಇದೇ ನಾಟಕದಲ್ಲಿ ನಾಯಕಿ ಗಂಡುವೇಷ ತೊಟ್ಟು ವಕೀಲೆಯಾಗಿ ಕಚೇರಿಗೆ ಬಂದು, ಪತ್ರದ ಅಕ್ಷರವನ್ನೇ ಹಿಡಿದು ಸಾಲಗಾರನ ಪ್ರಾಣ ಉಳಿಸುತ್ತಾಳೆ. ಭಾರತದಲ್ಲಿ ಹೆಂಗಸರಿಗೆ ವಕೀಲಿ ಮಾಡಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿದ ಕಾಯಿದೆ ಬಂದದ್ದು 1923ರಲ್ಲಿ, ವಾಸುದೇವಾಚಾರ್ಯರು ತೀರಿಕೊಂಡ ಎರಡು ವರ್ಷಕ್ಕೆ. ತಮ್ಮ ಕಚೇರಿಯಲ್ಲಿ ಎಂದೂ ಕಾಣದ ದೃಶ್ಯವನ್ನು ಈ ವಕೀಲರು ಕನ್ನಡ ರಂಗಕ್ಕೆ ಆಯ್ದು ತಂದರು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದ ನಿರ್ಧಾರ. ಗೋಲ್ಡ್‌ಸ್ಮಿತ್‌ನ ನಾಟಕ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮೊದಲ ಪ್ರಯೋಗ ಕಂಡದ್ದು 1773ರಲ್ಲಿ. ಮಾರ್ಲೋ ಎಂಬ ತರುಣನಿಗೆ ಒಂದು ವಿಚಿತ್ರ ಸ್ವಭಾವ. ಕುಲೀನ ಹೆಣ್ಣುಗಳ ಮುಂದೆ ಬಾಯಿ ಕಟ್ಟುತ್ತದೆ, ಕೆಲಸದವಳ ಮುಂದೆ ಮಾತು ಹರಿಯುತ್ತದೆ. ಹೆಣ್ಣು ನೋಡಲೆಂದು ಹೊರಟವನು ತುಂಟನೊಬ್ಬನ ಕುಚೇಷ್ಟೆಯಿಂದಾಗಿ ಹೆಣ್ಣಿನ ಮನೆಯನ್ನೇ ಪ್ರಯಾಣಿಕರ ವಸತಿಗೃಹವೆಂದು ತಿಳಿಯುತ್ತಾನೆ. ಭಾವಿ ಮಾವನನ್ನೇ ಅದರ ಮಾಲೀಕನೆಂದು ದಬಾಯಿಸುತ್ತಾನೆ. ಜಾಣೆಯಾದ ಕೇಟ್ ಈ ತಪ್ಪನ್ನು ತಿದ್ದುವುದಿಲ್ಲ. ತಾನೇ ಸೇವಕಿಯ ಸೋಗು ಹಾಕಿ, ಅವನ ನಿಜವಾದ ಗುಣವೇನೆಂದು ಅರಿತು, ಅವನ ಮನಸ್ಸನ್ನು ಗೆಲ್ಲುತ್ತಾಳೆ. ಹಿರಿಯರು ಗೊತ್ತುಮಾಡಿದ ವರನೇ ಆದರೂ ತಾನು ಪರೀಕ್ಷಿಸಿ ಒಪ್ಪಿಕೊಂಡೇ ಮದುವೆಯಾಗುವ ಹೆಣ್ಣು ಅವಳು.

ಇಂಥ ಕಥೆಯನ್ನು ಅಂದಿನ ಬಾಗಲಕೋಟೆಗೆ ತರುವುದೆಂದರೆ ಹುಡುಗಾಟವಲ್ಲ. ಅಪರಿಚಿತ ತರುಣ, ತರುಣಿಯರು ಒಂದೇ ಕೋಣೆಯಲ್ಲಿ ನಿಂತು ಮಾತನಾಡುವ ಪದ್ಧತಿಯೇ ಇಲ್ಲಿ ಇರಲಿಲ್ಲ. ಮದುವೆಗೆ ಮುಂಚಿನ ಪ್ರಣಯವೆಂಬ ಅವಧಿಯೇ ಇರಲಿಲ್ಲ. ಮೇಲ್ಜಾತಿಗಳಲ್ಲಿ ಹೆಣ್ಣುಮಕ್ಕಳಿಗೆ ಬುದ್ಧಿ ತಿಳಿಯುವ ಮೊದಲೇ ತಾಳಿ ಬೀಳುತ್ತಿತ್ತು. ದಾಂಪತ್ಯಕ್ಕೆ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಕಾನೂನಿಗೇ ಮುಂಬಯಿ ಪ್ರಾಂತದಲ್ಲಿ ಎಷ್ಟು ಕೋಲಾಹಲವಾಯಿತೆಂಬುದು ಪ್ರಸಿದ್ಧ. ಅದಕ್ಕೂ ಮುಂಚೆ, ಬಾಲ್ಯದಲ್ಲಿ ತನಗೆ ಕಟ್ಟಿದ ಗಂಡನೊಡನೆ ಬಾಳಲು ಒಪ್ಪದ ರಖಮಾಬಾಯಿಯ ವ್ಯಾಜ್ಯ 1884ರಿಂದ 1888ರ ವರೆಗೆ ಮುಂಬಯಿಯ ಹೈಕೋರ್ಟನ್ನೂ ಪತ್ರಿಕೆಗಳನ್ನೂ ಕಲಕಿತ್ತು. ಇಳಕಲ್ಲಿನ ಸೀರೆಯನ್ನೋ ಗುಳೇದಗುಡ್ಡದ ಖಣವನ್ನೋ ಆರಿಸುವಷ್ಟು ಸ್ವಾತಂತ್ರ್ಯವೂ ವರನ ವಿಷಯದಲ್ಲಿ ಹೆಣ್ಣಿಗೆ ಇರಲಿಲ್ಲ.

ಈ ಹಿನ್ನೆಲೆಯಲ್ಲಿ 'ಪತಿವಶೀಕರಣ' ಎಂಬ ಹೆಸರನ್ನು ನೋಡಬೇಕು. ಇಂಗ್ಲಿಷ್ ಶೀರ್ಷಿಕೆಯಲ್ಲಿ ಗಂಡ ಎಂಬ ಸೂಚನೆಯೇ ಇಲ್ಲ; ತಗ್ಗಿ ಗೆಲ್ಲುವವಳು ಎಂಬಷ್ಟೇ ಅರ್ಥ. ಕನ್ನಡದ ಹೆಸರು ಪತಿಯಿಂದಲೇ ಆರಂಭವಾಗುತ್ತದೆ. ಒಲಿಸಿಕೊಳ್ಳುವುದು ಪತಿಯನ್ನು ಎಂದ ಮೇಲೆ ಸಂಪ್ರದಾಯಸ್ಥ ಪ್ರೇಕ್ಷಕನ ಹುಬ್ಬು ಗಂಟಿಕ್ಕುವುದಿಲ್ಲ. ವಶೀಕರಣವಂತೂ ಊರಿನ ಹೆಂಗಸರಿಗೆಲ್ಲ ಗೊತ್ತಿದ್ದ ಮಾತು; ಮದ್ದು, ಮಂತ್ರ, ತಾಯಿತಗಳ ಲೋಕದ್ದು. ಇಲ್ಲಿಯ ಮಂತ್ರ ಮಾತ್ರ ಹೆಣ್ಣಿನ ಬುದ್ಧಿ. ಸಮಾಜದ ಬಾಗಿಲನ್ನು ಒಡೆಯದೆ, ಅದರದೇ ಕೀಲಿಯಿಂದ ತೆರೆದು ಒಳಹೊಗುವ ಉಪಾಯ ಈ ಶೀರ್ಷಿಕೆಯಲ್ಲಿದೆ. ಗೋಲ್ಡ್‌ಸ್ಮಿತ್‌ನ ನಾಟಕದಲ್ಲಿ ಇನ್ನೊಂದು ಎಳೆಯೂ ಉಂಟು. ಒಡವೆಗಳು ಮನೆ ಬಿಟ್ಟು ಹೋಗದಿರಲೆಂದು ಬಂಧುವಿನ ಮಗಳನ್ನು ತನ್ನ ಮಗನಿಗೇ ತಂದುಕೊಳ್ಳಲು ಹವಣಿಸುವ ತಾಯಿಯ ಎಳೆ. ಸೋದರಿಕೆಯ ಸಂಬಂಧಗಳ ನಾಡಾದ ಉತ್ತರ ಕರ್ನಾಟಕದಲ್ಲಿ ಇದಕ್ಕೆ ವಿವರಣೆಯೇ ಬೇಕಾಗಿರಲಿಲ್ಲ. ಲಂಡನ್ನಿನ ಪ್ರೇಕ್ಷಕನಿಗಿಂತ ಹುನಗುಂದದ ಪ್ರೇಕ್ಷಕನಿಗೆ ಆ ತಾಯಿ ಹೆಚ್ಚು ಪರಿಚಿತಳು.

'ಇಂದಿರೆ' ಮತ್ತು ಇತರ ಬರಹ

ಪರರ ಕಥೆಯನ್ನು ಒಗ್ಗಿಸಿಕೊಂಡವರು ಸ್ವಂತ ಕಥೆಗೂ ಕೈಹಾಕಿದರು. ಅವರ 'ಇಂದಿರೆ' ಕಾದಂಬರಿ 1908ರಲ್ಲಿ ಪ್ರಕಟವಾಯಿತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ 1899ರಲ್ಲಿ ಬೆಳಕು ಕಂಡಿತ್ತು. ಕರಾವಳಿಯ ಇಂದಿರೆಗೂ ಬಯಲುಸೀಮೆಯ ಇಂದಿರೆಗೂ ನಡುವೆ ಒಂಬತ್ತು ವರ್ಷದ ಅಂತರ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಗಳಲ್ಲಿ ಎರಡು ಹೆಣ್ಣಿನ ಹೆಸರನ್ನೇ, ಅದೂ ಒಂದೇ ಹೆಸರನ್ನು ಹೊತ್ತು ಬಂದುದು ಗಮನಿಸಬೇಕಾದ ಸಂಗತಿ. ಆ ಕಾಲದ ದೊಡ್ಡ ಪ್ರಶ್ನೆ ಹೆಣ್ಣಿನ ಬಾಳಿನದೇ ಆಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ವರ್ಷಗಳಲ್ಲಿ ಕನ್ನಡ ಓದುಗರ ಕೈಯಲ್ಲಿ ಇದ್ದುದು ಹೆಚ್ಚಾಗಿ ಅನುವಾದಗಳು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ತಂದು ಓದುವ ಹುಚ್ಚು ಹಿಡಿಸಿದರು. ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟ ಶ್ರೇಯಸ್ಸು ಇವರಿಬ್ಬರದು. ವಾಸುದೇವಾಚಾರ್ಯರು ಇವರ ಜೊತೆಗೇ ನಡೆದರೂ ತಮ್ಮ ಕಣ್ಣೆದುರಿನ ಸಂಸಾರವನ್ನು ಕಾದಂಬರಿಯ ವಸ್ತುವಾಗಿಸಿದ ಧೈರ್ಯ ಅವರದು. 'ಯದುಮಹಾರಾಜ', 'ಭ್ರಾತೃಘಾತಕನಾದ ಔರಂಗಜೇಬ' ಎಂಬ ಐತಿಹಾಸಿಕ ಕಾದಂಬರಿಗಳನ್ನೂ ಅವರು ಬರೆದರು. ಮುಂಬಯಿ ಪ್ರಾಂತದ ಪ್ರಜೆಯೊಬ್ಬರು ಮೈಸೂರು ಅರಸುಮನೆತನದ ಮೂಲಪುರುಷನನ್ನು ನಾಯಕನಾಗಿ ಆರಿಸಿಕೊಂಡದ್ದರ ಹಿಂದೆ, ಹರಿದು ಹಂಚಿಹೋಗಿದ್ದ ಕನ್ನಡ ನಾಡನ್ನು ಒಂದೆಂದು ಕಾಣುವ ಹಂಬಲವನ್ನು ಊಹಿಸಬಹುದು. ಆ ನಾಡು ಒಂದಾದದ್ದು 1956ರಲ್ಲಿ.

ಸಣ್ಣಕಥೆಯ ಕ್ಷೇತ್ರದಲ್ಲಿ ಅವರ ಹೆಸರು ಪಂಜೆ ಮಂಗೇಶರಾಯರು, ಎಂ. ಎನ್. ಕಾಮತರ ಸಾಲಿನಲ್ಲಿ ಬರುತ್ತದೆ. ಮಾಸ್ತಿಯವರ ಮೊದಲ ಕಥಾಸಂಕಲನ ಹೊರಬಂದ 1920ಕ್ಕಿಂತ ಮುಂಚಿನ ಪೀಳಿಗೆ ಇದು. 'ಪ್ರೇಮವಿಜಯ', 'ತೊಳೆದ ಮುತ್ತು', 'ಬೆಳಗಿದ ದೀಪಗಳು' ಅವರ ಕಥಾಸಂಕಲನಗಳು. 'ಮಲ್ಲೇಶಿಯ ನಲ್ಲೆಯರು' ಎಂಬ ಕಥೆಯನ್ನು ಸಂಕಲನಕಾರರು ಮತ್ತೆ ಮತ್ತೆ ನೆನೆದಿದ್ದಾರೆ. ಪ್ರೇಮ, ನಲ್ಲೆ, ಮುತ್ತು, ದೀಪ ಎಂಬ ಶಬ್ದಗಳೇ ಅವರ ಒಲವನ್ನು ಹೇಳುತ್ತವೆ. 'ಶುಭೋದಯ' ವಾರಪತ್ರಿಕೆಗೂ 'ಸಚಿತ್ರ ಭಾರತ'ಕ್ಕೂ ಅವರು ಸಂಪಾದಕರಾಗಿದ್ದರು. ಪತ್ರಿಕೆಗೆ ವಾರವಾರವೂ ಬರಹ ಬೇಕು, ಓದುಗನಿಗೆ ವಾರವಾರವೂ ಕುತೂಹಲ ಬೇಕು. ಪಂಡಿತರ ಮೆಚ್ಚುಗೆಗಿಂತ ಚಂದಾದಾರನ ಆಸಕ್ತಿ ಮುಖ್ಯವಾದಲ್ಲಿ ಕಥೆಗಾರನ ಗದ್ಯ ತಾನಾಗಿಯೇ ಹುರಿಗೊಳ್ಳುತ್ತದೆ.

ಗ್ರಹಾಂತರದ ಬಂಧುಗಳು

ಈಗ ನಕ್ಷತ್ರನೌಕೆಗಳ ಕಡೆಗೆ ಒಮ್ಮೆ ನೋಡಬಹುದು. ಗೋಲ್ಡ್‌ಸ್ಮಿತ್ ಹದಿನೆಂಟನೆಯ ಶತಮಾನದಲ್ಲಿ ರಂಗದ ಮೇಲೆ ತಂದ ಶಿಷ್ಟಾಚಾರದ ವಿನೋದವನ್ನು ಜೇನ್ ಆಸ್ಟಿನ್ ಕಾದಂಬರಿಗೆ ಒಯ್ದಳು. ಆಕೆಯ ಪ್ರೈಡ್ ಅಂಡ್ ಪ್ರೆಜುಡಿಸ್ 1813ರಲ್ಲಿ ಬಂದಿತು. ಶತಮಾನ ಕಳೆದ ಮೇಲೆ ಜಾರ್ಜೆಟ್ ಹೇಯರ್ ಎಂಬ ಲೇಖಕಿ 1935ರಲ್ಲಿ ರೀಜೆನ್ಸಿ ಬಕ್ ಬರೆದು ಆ ಕಾಲದ ಪ್ರೇಮಕಥೆಗಳನ್ನೇ ಒಂದು ಪ್ರಕಾರವನ್ನಾಗಿ ಬೆಳೆಸಿದಳು. ಅಮೆರಿಕದ ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ 1999ರಲ್ಲಿ ಪ್ರಕಟಿಸಿದ ಎ ಸಿವಿಲ್ ಕ್ಯಾಂಪೇನ್ ಈ ಪ್ರಕಾರವನ್ನು ಅಂತರಿಕ್ಷಕ್ಕೆ ಏರಿಸಿತು. ಕಾದಂಬರಿಯ ಅರ್ಪಣೆಯಲ್ಲಿಯೇ ಆಸ್ಟಿನ್, ಹೇಯರ್ ಮೊದಲಾದವರ ಋಣವನ್ನು ಲೇಖಕಿ ಒಪ್ಪಿಕೊಂಡಿದ್ದಾಳೆ. ಬರಾಯರ್ ಎಂಬ ಗ್ರಹದಲ್ಲಿ ಇನ್ನೂ ಸರದಾರರ ಆಳ್ವಿಕೆ. ಮನೆತನದ ಹೆಸರಿಗೆ ಪ್ರಾಣಕ್ಕಿಂತ ಹೆಚ್ಚಿನ ಬೆಲೆ. ಸರದಾರನ ಮಗನೊಬ್ಬ ವಿಧವೆಯೊಬ್ಬಳನ್ನು ಒಲಿಸಿಕೊಳ್ಳಲು, ತೋಟ ಮಾಡಿಕೊಡುವ ಕೆಲಸವನ್ನು ಆಕೆಗೆ ವಹಿಸುವ ನೆವ ಹೂಡುತ್ತಾನೆ. ಆಕೆಗೆ ತಿಳಿಸದೆಯೇ ಆಕೆಯ ಬಾಳಿನ ನಿರ್ಧಾರವನ್ನು ತಾನು ಮಾಡಿದೆನೆಂಬ ಸತ್ಯ ಔತಣದ ದಿನ ಎಲ್ಲರೆದುರು ಬಯಲಾಗಿ, ಅವನು ತಲೆತಗ್ಗಿಸಬೇಕಾಗುತ್ತದೆ.

ಈ ಕಥೆ ಗೆಲ್ಲುವುದು ನೌಕೆಗಳ ವೇಗದಿಂದಲ್ಲ. ಆ ಗ್ರಹದಲ್ಲಿ ಹೆಣ್ಣಿಗೆ ಏನು ಹಕ್ಕಿದೆ, ವಿಧವೆಯ ಮಗ ಯಾರ ಸುಪರ್ದಿಗೆ ಸೇರುತ್ತಾನೆ, ನಾಲ್ಕು ಜನರ ಬಾಯಿ ಯಾರನ್ನು ಏನು ಮಾಡಬಲ್ಲದು ಎಂಬ ಕಟ್ಟಳೆಗಳನ್ನು ಲೇಖಕಿ ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದ್ದಾಳೆ. ಆ ಕಟ್ಟಳೆಗಳು ನಿಜವೆನಿಸಿದ ಮೇಲೆಯೇ ಒಂದು ನೋಟ, ಒಂದು ಮೌನ, ಒಂದು ಪತ್ರ ಓದುಗನ ಎದೆಯನ್ನು ಮುಟ್ಟುವುದು. ಎಲ್ಲವೂ ಸಲ್ಲುವ ಲೋಕದಲ್ಲಿ ಪ್ರೇಮಕಥೆಗೆ ಬಿಗುವಿಲ್ಲ. ಸೂರತ್ತನ್ನೂ ವಸಂತವನ್ನೂ ಪತಿಯನ್ನೂ ಆರಿಸಿಕೊಂಡಾಗ ಬಾಗಲಕೋಟೆಯ ವಕೀಲರು ಅರಿತಿದ್ದುದು ಇದನ್ನೇ. ವೇಷ ಬದಲಿಸಿದರೆ ರೂಪಾಂತರವಾಗದು. ಯಾವ ಮಾತು ಎಲ್ಲಿ ಸಲ್ಲುತ್ತದೆ, ಯಾವ ಬಾಗಿಲು ಯಾರಿಗೆ ಮುಚ್ಚಿದೆ ಎಂಬುದನ್ನು ಹೊಸ ಲೋಕದ ಲೆಕ್ಕದಲ್ಲಿ ಮತ್ತೆ ಗುಣಿಸಬೇಕು. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಕುಳಿತು ಕನ್ನಡದಲ್ಲಿ ವಿಜ್ಞಾನ ಕಾದಂಬರಿ ಬರೆಯಬಯಸುವ ಇಂದಿನ ತರುಣರಿಗೆ ಅಮೆರಿಕದ ಪುಸ್ತಕಗಳ ಜೊತೆಗೆ ಈ ಹಳೆಯ ನಾಟಕಗಳೂ ಪಾಠ ಹೇಳಬಲ್ಲವು.

ಮಿತಿ ಮತ್ತು ಮರೆವು

ಅವರ ಬರಹದ ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ. ಆ ಕಾಲದ ರೂಢಿಯಂತೆ ಶೀರ್ಷಿಕೆಗಳಲ್ಲಿಯೇ ಸಂಸ್ಕೃತದ ಭಾರವಿದೆ. ಒಲಿದು ಗೆಲ್ಲುವ ಹೆಣ್ಣಿಗೆ ಅವರ ಕಾಲದ ರಂಗ ಜಾಗ ಕೊಟ್ಟರೂ ಒಲ್ಲೆನೆಂದು ಎದ್ದು ಹೋಗುವ ಹೆಣ್ಣಿಗೆ ಸುಲಭವಾಗಿ ಜಾಗ ಕೊಡುವಂತಿರಲಿಲ್ಲ. ರಖಮಾಬಾಯಿಯ ಪ್ರಶ್ನೆಗೆ 'ಪತಿವಶೀಕರಣ'ದ ಉಪಾಯ ಉತ್ತರವಾಗದು. ಮುಂದಿನ ಪೀಳಿಗೆಯಲ್ಲಿ ಮಾಸ್ತಿಯವರ ಸರಳ ಗದ್ಯ ಬಂದು ಕಥೆಯ ದಾರಿಯನ್ನೇ ಬದಲಿಸಿತು. ಇದೇ ವಿಜಾಪುರ ಸೀಮೆಯವರಾದ ಶ್ರೀರಂಗರು ಸಮಾಜವನ್ನು ಕೆಣಕುವ ನಾಟಕಗಳನ್ನು ಬರೆದರು. ಹೊಸಬರ ಬೆಳಕಿನಲ್ಲಿ ಹಿರಿಯರ ದೀಪ ಮಂಕಾಯಿತು. ರೂಪಾಂತರವೆಂದರೆ ಎರಡನೆಯ ದರ್ಜೆಯ ಕೆಲಸ ಎಂಬ ಭಾವನೆಯೂ ವಿಮರ್ಶೆಯಲ್ಲಿ ಬೇರೂರಿತು.

ಹೆಣ್ಣುಮಕ್ಕಳ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ನಿಗದಿಗೊಳಿಸಿದ ಶಾರದಾ ಕಾಯಿದೆ 1929ರಲ್ಲಿ ಬಂದಾಗ ವಾಸುದೇವಾಚಾರ್ಯರು ತೀರಿಕೊಂಡು ಎಂಟು ವರ್ಷವಾಗಿತ್ತು. ಕಾನೂನು ಬರುವ ಮೊದಲೇ ನಾಟಕ ನೋಡಲು ಕುಳಿತ ತಂದೆಯೊಬ್ಬನಿಗೆ, ತನ್ನ ಮಗಳಿಗೂ ಒಂದು ಮನಸ್ಸಿದೆ, ಆ ಮನಸ್ಸಿಗೆ ವರನನ್ನು ತೂಗಿ ನೋಡುವ ಬುದ್ಧಿಯೂ ಇದೆ ಎಂದು ನಗುತ್ತ ತಿಳಿಯುವ ಅವಕಾಶವನ್ನು ಇಂಥ ರಂಗಕೃತಿಗಳು ಒದಗಿಸಿದವು. ಭಾಷಣದಿಂದ ಕೆರಳುವವನು ವಿನೋದದಿಂದ ಮೆತ್ತಗಾಗುತ್ತಾನೆ.

ಆಲಮಟ್ಟಿಯ ಹಿನ್ನೀರು ಏ​ರಿದ ಮೇಲೆ ಹಳೆಯ ಬಾಗಲಕೋಟೆಯ ಹಲವು ಓಣಿಗಳು ಇಂದು ನೀರಿನಡಿಯಲ್ಲಿವೆ. ಜನರು ನವನಗರಕ್ಕೆ ಹೋಗಿದ್ದಾರೆ. ಊರಿನ ಹಳೆಯ ರಂಗಸಂಸ್ಥೆಯಾದ ವಾಸುದೇವ ವಿನೋದಿನಿ ನಾಟ್ಯಸಭೆಯ ಹೆಸರು ಮಾತ್ರ ನಾಟಕಪ್ರಿಯರ ಬಾಯಲ್ಲಿ ಉಳಿದುಬಂದಿದೆ. ಮುಳುಗಿದ ಓಣಿಗಳನ್ನು ಮತ್ತೆ ಕಟ್ಟಲಾಗದು. 'ಪತಿವಶೀಕರಣ'ವನ್ನು ಮತ್ತೆ ರಂಗಕ್ಕೆ ತರಬಹುದು, 'ಇಂದಿರೆ'ಯನ್ನು ಮತ್ತೆ ಅಚ್ಚುಮಾಡಬಹುದು. ಆ ಕೆಲಸಕ್ಕೆ ಬೇಕಾದುದು ಹೆಚ್ಚು ಹಣವಲ್ಲ, ಓದುವವರು ಇದ್ದಾರೆಂಬ ನಂಬಿಕೆ. ಕನ್ನಡಕ್ಕೆ ಓದುಗರೇ ಇಲ್ಲವೆನ್ನುತ್ತಿದ್ದ ಕಾಲದಲ್ಲಿ ಅಂಥ ನಂಬಿಕೆಯಿಂದಲೇ ಬರೆದವರು ಕೆರೂರ ವಾಸುದೇವಾಚಾರ್ಯರು.